ಕೆಟ್ಟ ಸುದ್ದಿ ಮೊದಲು ಮುಟ್ಟಲಿ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹುಡುಗರು ಕೆಲಸ ಹುಡುಕಿಕೊಂಡು ಪುಣೆ, ಬೆಂಗಳೂರಿಗೆ ಹೋಗುವುದು ಎಲ್ಲರಿಗೂ ಗೊತ್ತು. ಸಕ್ಕರೆಯ ಬೆನ್ನು ಹತ್ತಿ ಆಫ್ರಿಕಾಕ್ಕೆ ಹೋಗುವವರೂ ನಮ್ಮಲ್ಲಿದ್ದಾರೆ. ಉಗಾರ ಖುರ್ದದ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಆಮೇಲೆ ಕೃಷ್ಣಾ, ದೂಧಗಂಗಾ, ಘಟಪ್ರಭಾ ನೀರು ಹರಿದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಹಿಂದೆಯೇ ಕಾರ್ಖಾನೆಗಳು ಬಂದವು. ಹೀಗಾಗಿ ಈ ಭಾಗದ ಯಾವ ಹಳ್ಳಿಯಲ್ಲಿ ಕೇಳಿದರೂ ಒಬ್ಬ ಫಿಟ್ಟರ್, ಒಬ್ಬ ಕೆಮಿಸ್ಟ್, ಒಬ್ಬ ಪ್ಯಾನ್‌ಮನ್ ಸಿಗುತ್ತಾನೆ. 2007ರ ಸುಮಾರಿಗೆ ಭಾರತದ ಎಕ್ಸಿಮ್ ಬ್ಯಾಂಕ್ ಇಥಿಯೋಪಿಯಾದ ಸಕ್ಕರೆ ಉದ್ಯಮಕ್ಕೆ 64 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ ಮೇಲೆ ನಮ್ಮ ದೇಶದ ಯಂತ್ರಗಳು ಅಲ್ಲಿಗೆ ಹೋದವು, ಯಂತ್ರ ಬಲ್ಲ ಕೈಗಳೂ ಹೋದವು. ಕಬ್ಬೂರಿನಿಂದ ನಾನು ಹೋದದ್ದು ಅದೇ ದಾರಿಯಲ್ಲಿ. ಅಲ್ಲಿಯ ಎತ್ತರದ ಸೀಮೆಯ ಕಾರ್ಖಾನೆಯೊಂದರಲ್ಲಿ ಪ್ರೊಸೆಸ್ ವಿಭಾಗದ ಹೊಣೆ ನನ್ನ ಮೇಲಿತ್ತು.

ನಾಯಕತ್ವದ ಬಗ್ಗೆ ಆ ಕೆಲಸ ನನಗೆ ಕಲಿಸಿದ್ದೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಕೆಟ್ಟ ಸುದ್ದಿ ಬೇಗ ಮುಟ್ಟುವಂತೆ ನೋಡಿಕೊಳ್ಳುವುದೇ ಮುಂದೆ ನಿಂತವನ ಮೊದಲ ಕೆಲಸ. ಒಳ್ಳೆಯ ಸುದ್ದಿಯನ್ನು ಹೇಳಲು ಹತ್ತು ಜನ ಓಡಿ ಬರುತ್ತಾರೆ. ಬೇರಿಂಗ್ ಬಿಸಿಯಾಗಿದೆ, ಸುಣ್ಣ ಕಡಿಮೆ ಬಿದ್ದಿದೆ, ರಸ ಹುಳಿಯುತ್ತಿದೆ ಎಂಬ ಸುದ್ದಿಗೆ ಮಾತ್ರ ದಾರಿ ಮಾಡಿಕೊಡಬೇಕಾಗುತ್ತದೆ. ಪರದೇಶದಲ್ಲಂತೂ ಆ ದಾರಿ ಇನ್ನೂ ಉದ್ದ. ಗ್ರೀಸರ್ ಓರೊಮೊ ಭಾಷೆಯಲ್ಲಿ ಹೇಳಿದ್ದನ್ನು ಮೇಸ್ತ್ರಿ ಅಮ್ಹಾರಿಕ್‌ನಲ್ಲಿ ದಾಟಿಸಿ, ಎಂಜಿನಿಯರ್ ಇಂಗ್ಲಿಷಿಗೆ ತಂದು ನನಗೆ ಮುಟ್ಟಿಸುವಷ್ಟರಲ್ಲಿ ಕೆಟ್ಟದ್ದು ಅರ್ಧ ಮೆತ್ತಗಾಗಿರುತ್ತಿತ್ತು.

ಜನ ಸುಮ್ಮನಿರಲು ಭಾಷೆಯೊಂದೇ ಕಾರಣವಲ್ಲ, ಅದರ ಹಿಂದೆ ಇತಿಹಾಸವೂ ಇದೆ. ಆ ದೇಶದಲ್ಲಿ ದೊಡ್ಡ ಪ್ರಮಾಣದ ಸಕ್ಕರೆ ತಯಾರಿಕೆ ಶುರುವಾದದ್ದು 1954ರಲ್ಲಿ, ವೊಂಜಿ ಎಂಬಲ್ಲಿ. ನಡೆಸಿದವರು ಎಚ್‌ವಿಎ ಎಂಬ ಡಚ್ ಕಂಪನಿಯವರು. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಪದಚ್ಯುತರಾದ ಮರುವರ್ಷ ಆ ಕಾರ್ಖಾನೆ ಸರ್ಕಾರದ ಪಾಲಾಯಿತು. ಅಪ್ಪ, ಅಜ್ಜನ ಕಾಲದಿಂದ ಸಕ್ಕರೆಯಲ್ಲೇ ಬಾಳಿದ ಮನೆತನಗಳ ಜನ ನನ್ನ ಪಾಳಿಗಳಲ್ಲಿದ್ದರು. ಹೊರಗಿನಿಂದ ಬಂದ ಸಾಹೇಬರನ್ನು ಆ ಮನೆಗಳು ಬೇಕಾದಷ್ಟು ನೋಡಿದ್ದವು. ಬಂದವನು ಒಂದು ದಿನ ಹೋಗುವವನೇ, ಅವನು ಕೇಳಿದರೆ ಎಲ್ಲ ಸರಿ ಇದೆ ಎಂದರಾಯಿತು ಎಂಬುದು ಅವರು ಕಂಡುಕೊಂಡ ಜಾಣತನ. ಅದನ್ನು ಸೋಮಾರಿತನ ಎಂದು ತಿಳಿದ ಪರದೇಶಿ ಅಧಿಕಾರಿ ಅಲ್ಲಿಗೇ ಸೋತಂತೆ.

ಮೊದಲ ಹಂಗಾಮ ಶುರುವಾಗುವ ಮುಂಚೆ, ಭಾರತದಿಂದ ಬಂದ ಸೂಚನಾ ಪಟ್ಟಿಯನ್ನು, ಪಾಕ ಕುದಿಸಿ ಸಕ್ಕರೆ ಹರಳು ಮಾಡುವ ಪ್ಯಾನ್ ಮನೆಯಲ್ಲಿ ಅಂಟಿಸಿದ್ದರು. ಪ್ಯಾನ್ ಒಳಗಿನ ನಿರ್ವಾತ ಗೇಜಿನಲ್ಲಿ 600 ಮಿಲಿಮೀಟರ್‌ಗಿಂತ ಕೆಳಗೆ ಇಳಿಯಬಾರದು ಎಂದು ಅದರಲ್ಲಿತ್ತು. ನಮ್ಮ ಸೀಮೆಗೆ ಅದು ಸರಿಯಾದ ಲೆಕ್ಕ. ಅಲ್ಲಿಯ ಕಿರಿಯ ಎಂಜಿನಿಯರ್ ಒಬ್ಬ ಎಲ್ಲರೂ ಹೊರಟ ಮೇಲೆ ಹಿಂದೆ ಉಳಿದು, ನೋಟ್‌ಬುಕ್ ತೆರೆದು ತೋರಿಸಿದ. ಈ ಜಾಗ ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ 630ರ ಆಸುಪಾಸು. ನಿಮ್ಮೂರಲ್ಲಿ 600 ತೋರಿಸುವ ಪ್ಯಾನ್ ಇಲ್ಲಿ 530 ತೋರಿಸಿದರೂ ಒಳಗಿನ ಸ್ಥಿತಿ ಒಂದೇ. 600 ಬೇಕೆಂದು ಹಟ ಹಿಡಿದರೆ ಪಂಪು ಕೆಡುತ್ತದೆಯೇ ಹೊರತು ಸಕ್ಕರೆ ಸುಧಾರಿಸುವುದಿಲ್ಲ ಎಂಬುದು ಅವನ ಲೆಕ್ಕ.

ಲೆಕ್ಕ ಸರಿಯಾಗಿತ್ತು. ಮರುದಿನ ಎಲ್ಲರೂ ಸೇರಿದ್ದಾಗ ಆ ಪಟ್ಟಿಯನ್ನು ತೆಗೆಸಿ, ಅವನ ಕೈಯಿಂದಲೇ ಹೊಸ ಅಂಕಿ ಬರೆಸಿದೆ. ತಿದ್ದಿದವನು ಯಾರೆಂದು ಎಲ್ಲರ ಎದುರಿಗೇ ಹೇಳಿದೆ. ಇದರ ಫಲ ಅಂಕಿಗಿಂತ ದೊಡ್ಡದು. ಸಾಹೇಬನ ಕಾಗದದಲ್ಲಿ ತಪ್ಪು ತೋರಿಸಿದವನಿಗೆ ಮರ್ಯಾದೆ ಸಿಕ್ಕಿತು ಎಂಬ ಸುದ್ದಿ ಸಂಜೆಯೊಳಗೆ ಬಾಯ್ಲರ್‌ನಿಂದ ಗೋದಾಮಿನವರೆಗೆ ಹಬ್ಬಿತ್ತು.

ಅದೇ ಪ್ಯಾನ್ ಮನೆಯಲ್ಲಿ ಒಬ್ಬ ಹಿರಿಯ ಪ್ಯಾನ್‌ಮನ್ ಇದ್ದರು. ಗೇಜಿನ ಕಡೆಗೆ ಅವರ ಕಣ್ಣು ಹೋಗುತ್ತಿದ್ದುದೇ ಅಪರೂಪ. ಪ್ಯಾನಿನಿಂದ ಸಲಾಕೆ ಎಳೆದು, ಪಾಕವನ್ನು ಗಾಜಿನ ಚೂರಿನ ಮೇಲೆ ಬಳಿದು, ಬಲ್ಬಿಗೆ ಹಿಡಿಯುತ್ತಿದ್ದರು. ಹರಳುಗಳು ಒಂದೇ ಸಮ ಬೆಳೆದಿವೆಯೋ, ನಡುವೆ ಬೇಡದ ಸಣ್ಣ ಹರಳು ಹುಟ್ಟಿವೆಯೋ ನೋಡಿ, ಬೆರಳ ನಡುವೆ ಎಳೆ ತೆಗೆದು, ನೀರು ಬಿಡಬೇಕೋ ಸಿರಪ್ ಎಳೆಯಬೇಕೋ ತೀರ್ಮಾನಿಸುತ್ತಿದ್ದರು. ಪ್ರಯೋಗಾಲಯದ ವರದಿ ಬರುವ ಮೊದಲೇ ಅವರ ಕೈ ವಾಲ್ವಿನ ಮೇಲಿರುತ್ತಿತ್ತು. ಕಬ್ಬೂರಿನಲ್ಲಿ ಬೆಲ್ಲದ ಗಾಣ ನಡೆಸುತ್ತಿದ್ದ ನಮ್ಮ ಕಾಕಾ, “ಪಾಕ ಹದಕ್ಕ ಬಂದದ್ದು ಕೊಪ್ಪರಿಗಿ ಮುಂದ ನಿಂತಾಂವಗ ಗೊತ್ತಾಕ್ಕೈತಿ, ಗಾಣದ ಮಾಲಕಗಲ್ಲ” ಎನ್ನುತ್ತಿದ್ದರು. ಆ ಹಿರಿಯರನ್ನು ಬೆಳಗಿನ ಸಭೆಗೆ ಕರೆಸಿ, ಅಧಿಕಾರಿಗಳ ಸಾಲಿನಲ್ಲೇ ಕೂರಿಸಿದೆ. ಪದವಿ ಇದ್ದವರು ಕೆಲವರು ಮುಖ ಗಂಟಿಕ್ಕಿದರು. ವಾರ ಕಳೆಯುವಷ್ಟರಲ್ಲಿ ಆ ಪದವೀಧರರೇ ಮೊದಲು ಹಿರಿಯರನ್ನು ಕೇಳತೊಡಗಿದರು.

ಸಭೆಯ ರೀತಿಯನ್ನೂ ಬದಲಿಸಿದೆವು. ನಿನ್ನೆ ಎಷ್ಟು ನುರಿಸಿದೆವು ಎಂಬುದು ಕೊನೆಗೆ ಹೋಯಿತು. “ಈಗ ಯಾವುದು ಸರಿ ಇಲ್ಲ?” ಎಂಬುದು ಮೊದಲ ಪ್ರಶ್ನೆಯಾಯಿತು. ಮೊದಲು ಬಂದು ಹೇಳಿದವನನ್ನು ಯಾಕೆ, ಹೇಗೆ ಎಂದು ಆ ಹೊತ್ತಿನಲ್ಲಿ ಯಾರೂ ತರಾಟೆಗೆ ತೆಗೆದುಕೊಳ್ಳಬಾರದು ಎಂಬ ನಿಯಮ ಮಾಡಿದೆವು. ಒಂದು ರಾತ್ರಿ ಪಾಳಿಯಲ್ಲಿ ಗ್ರೀಸರ್ ಒಬ್ಬ ಮಿಲ್ ಬೇರಿಂಗ್ ಮೇಲೆ ಅಂಗೈ ಇಟ್ಟವನು ನೇರ ನನ್ನ ಕೋಣೆಗೇ ಓಡಿ ಬಂದ. ತಾಸೊಳಗೆ ಮಿಲ್ ನಿಲ್ಲಿಸಿ ಸರಿಮಾಡಿದೆವು. ಅವನು ಬೆಳಗಿನವರೆಗೆ ಕಾದಿದ್ದರೆ ರೋಲರ್ ಶಾಫ್ಟೇ ಹೋಗುತ್ತಿತ್ತು.

ಜನ ಮನಸ್ಸು ಬಿಚ್ಚಬೇಕೆಂದರೆ ಅವರ ದಿನಚರಿಗೂ ನಾವು ಹೊಂದಿಕೊಳ್ಳಬೇಕಿತ್ತು. ಅಲ್ಲಿಯ ಗಡಿಯಾರ ಬೆಳಗಿನಿಂದ ಎಣಿಸುತ್ತದೆ. ನಮ್ಮ 7 ಗಂಟೆ ಅವರಿಗೆ 1. ಹೀಗಾಗಿ ಪಾಳಿಯ ಫಲಕದಲ್ಲಿ ಎರಡೂ ಲೆಕ್ಕ ಬರೆಸಿದೆವು. ಈಸ್ಟರ್‌ಗೆ ಮುಂಚೆ 55 ದಿನ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸ. ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ, ಎಷ್ಟೋ ಜನ ಮಧ್ಯಾಹ್ನದವರೆಗೆ ಏನನ್ನೂ ತಿನ್ನುವುದಿಲ್ಲ. ಹಂಗಾಮಿನ ಬಿರುಸೂ ಆಗಲೇ. ಶ್ರಾವಣ ಹಿಡಿಯುವ ಮನೆಯಲ್ಲಿ ಬೆಳೆದವನಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಇವ್ಯಾಪರೇಟರ್ ಕೊಳವೆ ಉಜ್ಜುವಂಥ ಮೈಮುರಿಯುವ ಕೆಲಸವನ್ನು ಊಟದ ನಂತರಕ್ಕೆ ಹಾಕಿದೆವು. ಕಾಫಿಗೆ ಕರೆದರೆ ಅವರ ಪದ್ಧತಿಯ ಮೂರೂ ಸುತ್ತು ಮುಗಿಯುವತನಕ ಕೂತೆ. ಮನಸ್ಸಿನ ಮಾತು ಹೊರಬೀಳುತ್ತಿದ್ದುದು ಹೆಚ್ಚಾಗಿ ಮೂರನೆಯ ಸುತ್ತಿನಲ್ಲೇ.

ಆದರೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಕಬ್ಬಿನ ಗದ್ದೆ. ನಮ್ಮ ಕಡೆ ಕಬ್ಬನ್ನು ಹಸಿರಾಗಿ ಕಡಿದು ತುದಿಯನ್ನು ದನಕ್ಕೆ ಹಾಕುತ್ತೇವೆ. ಅಲ್ಲಿ ಕಟಾವಿಗೆ ಮೊದಲು ಗದ್ದೆಗೆ ಬೆಂಕಿ ಕೊಟ್ಟು ರವದಿ ಸುಡುತ್ತಾರೆ. ಸುಟ್ಟ ಕಬ್ಬು ಹಸಿ ಕಬ್ಬಿಗಿಂತ ಬೇಗ ಕೆಡುತ್ತದೆ. ಒಮ್ಮೆ ಬೆಂಕಿ ಬಿತ್ತೆಂದರೆ ಮಿಲ್ ತಯಾರಿಲ್ಲ ಎಂದು ಹೇಳಿ ಏನೂ ಉಪಯೋಗವಿಲ್ಲ. ಹಾಗಾಗಿ ಬೆಂಕಿ ಕೊಡುವ ಮೊದಲು ಮಿಲ್ಲಿನ ನಿಜ ಸ್ಥಿತಿಯನ್ನು ಗದ್ದೆಯವರಿಗೆ ಹೇಳಲೇಬೇಕು; ನಾಳೆ ಎಂಟು ತಾಸು ನಿಲ್ಲುತ್ತದೆ ಎಂದರೆ ಎಂಟು ತಾಸು ಎಂದೇ ಹೇಳಬೇಕು. ಕೆಳಗಿನವರಿಂದ ಸತ್ಯ ಬಯಸುವ ಅಧಿಕಾರಿ ತನ್ನ ಕಡೆಯ ಕೆಟ್ಟ ಸುದ್ದಿಯನ್ನು ಕೆಳಗೆ ಮುಟ್ಟಿಸದಿದ್ದರೆ ಅವನನ್ನು ಯಾರು ನಂಬುತ್ತಾರೆ?

ಊರಿಗೆ ಮರಳಿ ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಮೇಲೆ ಮೊದಲು ಹಿಡಿದದ್ದು ಇದನ್ನೇ. ಯಾರ್ಡಿನಲ್ಲಿ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಾಗ “ಈಗ ಚಾಲೂ ಆಗತೈತಿ” ಎಂದು ಸಮಾಧಾನ ಹೇಳುವುದು ಸುಲಭ. ಅದನ್ನು ನಂಬಿ ಹೊಲದಲ್ಲಿ ಗ್ಯಾಂಗಿನವರು ಕಡಿಯುತ್ತಲೇ ಇರುತ್ತಾರೆ, ಕಡಿದ ಕಬ್ಬು ಒಣಗಿ ತೂಕ ಇಳಿಯುತ್ತದೆ, ನಷ್ಟ ರೈತನ ಮೈಮೇಲೆ ಬೀಳುತ್ತದೆ. ಮಿಲ್ ನಿಂತ ಅರ್ಧ ತಾಸಿನೊಳಗೆ ಮುಕಾದಮರಿಗೂ ರೈತರಿಗೂ ನಿಜವಾದ ಹೊತ್ತು ತಿಳಿಸುವ ವ್ಯವಸ್ಥೆ ಮಾಡಿದೆವು. ಮೊದಮೊದಲು ಬೈಗಳು ತಿಂದೆವು. ಬರಬರುತ್ತ ನಮ್ಮ ಮಾತಿಗೆ ಬೆಲೆ ಬಂತು.

ಈ ಭಾಗದಿಂದ ಹೊರದೇಶಕ್ಕೆ ಹೊರಟ ತಮ್ಮಂದಿರಿಗೆ ನಾನು ಹೇಳುವುದು ಇಷ್ಟು. ಕೆಲಸ ನಿಮಗೆ ಗೊತ್ತಿದೆ, ಆದ್ದರಿಂದಲೇ ಕರೆದಿದ್ದಾರೆ. ಹೋದ ಮೊದಲ ತಿಂಗಳು ಆ ಜಾಗದ ಗಾಳಿ, ಗಡಿಯಾರ, ಉಪವಾಸ ತಿಳಿದುಕೊಳ್ಳಿ. ಯಂತ್ರದ ಮುಂದೆ ನಿಂತವನ ಮಾತನ್ನು ಮೊದಲು ಕೇಳಿ. ತಪ್ಪು ತೋರಿಸಿದವನ ಹೆಸರನ್ನು ನಾಲ್ಕು ಜನರ ಮುಂದೆ ಗೌರವದಿಂದ ಹೇಳಿ. ನಿಮ್ಮ ಕಡೆಯ ಕೆಟ್ಟ ಸುದ್ದಿಯನ್ನೂ ಮುಚ್ಚಿಡಬೇಡಿ. ಇಷ್ಟು ಮಾಡಿದರೆ ಯಾವ ದೇಶದಲ್ಲೂ ಜನ ನಿಮ್ಮ ಹತ್ತಿರ ಬಂದು ನಿಜ ಹೇಳುತ್ತಾರೆ. ನಿಜ ಗೊತ್ತಿದ್ದವನಿಗೆ ಮುಂದಿನ ಕೆಲಸ ಕಷ್ಟವಾಗುವುದಿಲ್ಲ.