ಗೇರು ತಾನೇ ಬೀಳೋದು ಹೇಗೆ?

ನಮ್ಮ ಕಾನಹೊಸಹಳ್ಳಿಯ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲೋಡು ಲಾರಿ ಏರು ಹತ್ತುವಾಗ ಕಿವಿಗೊಟ್ಟು ಕೇಳಿರಿ. ಇಂಜಿನ್ ಮುಕ್ಕರಿಯುತ್ತದೆ, ಡ್ರೈವರ್ ಗೇರು ಇಳಿಸುತ್ತಾನೆ, ಸದ್ದು ಹಗುರಾಗುತ್ತದೆ. ಯಾವಾಗ ಗೇರು ಬದಲಿಸಬೇಕು ಅಂತ ಹೇಳೋದು ಅವನ ಕಿವಿ. ಆದರೆ ಕೈ ಹಾಕದೆ ಗೇರು ತಾನೇ ಬೀಳುವ ಗಾಡಿಗಳೂ ಇವೆ. ಅವಕ್ಕೆ ಕಿವಿ ಎಲ್ಲಿದೆ?

ಅಮೆರಿಕದ 1968ರ ಡಾಜ್ ಚಾರ್ಜರ್ ಕಾರನ್ನು ನೋಡೋಣ. ಇಂಥ ಭಾರಿ ಇಂಜಿನ್ನಿನ ಕಾರುಗಳಿಗೆ ಅಲ್ಲಿ ‘ಮಸಲ್ ಕಾರ್’ ಅಂತಾರೆ. ಅದರ ‘ಟಾರ್ಕ್‌ಫ್ಲೈಟ್’ ಗೇರ್ ಬಾಕ್ಸಿನಲ್ಲಿ ಮೂರು ಗೇರು. ಕಂಪ್ಯೂಟರ್ ಇಲ್ಲ, ಎಲ್ಲಾ ಎಣ್ಣೆಯ ಒತ್ತಡದ ಕೆಲಸ. ಒಂದು ಕವಾಟದ ಎರಡು ಕಡೆಯಿಂದ ಎರಡು ಒತ್ತಡಗಳು ಸೆಣಸುತ್ತವೆ.

1. ಗವರ್ನರ್ ಒತ್ತಡ: ಇದು ಗಾಡಿಯ ವೇಗ ತಿಳಿಸುತ್ತದೆ. ನಾನು ಇದನ್ನು ಕವಣೆಯಿಂದ ಅರ್ಥ ಮಾಡಿಕೊಂಡೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಜೋರಾಗಿ ಬೀಸಿದಷ್ಟೂ ಕಲ್ಲು ಬೆರಳನ್ನು ಜಗ್ಗುತ್ತದೆ. ವೇಗ 2 ಪಟ್ಟಾದರೆ ಜಗ್ಗು 4 ಪಟ್ಟು. ಗವರ್ನರಿನಲ್ಲಿ ತಿರುಗುವ ತೂಕದ ತುಂಡುಗಳೂ ಹೀಗೇ ಹೊರಗೆ ಜಗ್ಗಿ ಒತ್ತಡ ಹೆಚ್ಚಿಸುತ್ತವೆ.

2. ಥ್ರಾಟಲ್ ಒತ್ತಡ: ಡ್ರೈವರ್ ಎಕ್ಸಲೇಟರ್ ಎಷ್ಟು ತುಳಿದಿದ್ದಾನೆ ಎಂಬುದನ್ನು ಒಂದು ಕಂಬಿಯ ಮೂಲಕ ತಿಳಿಸುತ್ತದೆ.

ಗವರ್ನರ್ ಗೆದ್ದರೆ ಮೇಲಿನ ಗೇರು ಬೀಳುತ್ತದೆ. ಆದ್ದರಿಂದ ಮೆಲ್ಲಗೆ ತುಳಿದರೆ ಗೇರು ಬೇಗ ಬೀಳುತ್ತದೆ, ಜೋರಾಗಿ ತುಳಿದರೆ ತಡವಾಗಿ ಬೀಳುತ್ತದೆ.

ಬೇಗ ಬಿದ್ದರೇನು ನಷ್ಟ? ಲೆಕ್ಕ ಮಾಡೋಣ. ಈ ಗೇರ್ ಬಾಕ್ಸಿನ ಅನುಪಾತಗಳು 2.45, 1.45 ಮತ್ತು 1. ಇಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಎರಡನೇ ಗೇರು ಬಿದ್ದರೆ, 5000 × 1.45 ÷ 2.45 = ಸುಮಾರು 2960 ಸುತ್ತಿಗೆ ಇಳಿಯುತ್ತದೆ. ಆಗಲೂ ಅದಕ್ಕೆ ಕಸುವು ಇರುತ್ತದೆ. 2000 ಸುತ್ತಿನಲ್ಲೇ ಬಿದ್ದರೆ ಸುಮಾರು 1180ಕ್ಕೆ ಇಳಿದು, ಜೋರಾಗಿ ತುಳಿದರೂ ಗಾಡಿ ತಿಣುಕುತ್ತದೆ. ಅತಿ ತಡವಾದರೆ ಇಂಜಿನ್ ಮಿತಿ ಮೀರಿ ತಿರುಗಿ ಕೆಡುತ್ತದೆ.

ಸರಿಪಡಿಸೋದು ಹೀಗೆ: ಗವರ್ನರಿನ ತೂಕ ಹಗುರ ಮಾಡಿದರೆ ಜಗ್ಗು ಕಡಿಮೆಯಾಗಿ ಗೇರು ತಡವಾಗಿ ಬೀಳುತ್ತದೆ. ಕಂಬಿಯ ಅಳತೆ ಬದಲಿಸಿಯೂ ಸರಿಪಡಿಸಬಹುದು. ಆದರೆ ಎಚ್ಚರಿಕೆ! ಗೇರು ಬೇಗ ಬೀಳಲಿ ಅಂತ ಕಂಬಿಯನ್ನು ಸಡಿಲ ಬಿಡಬಾರದು. ಕ್ಲಚ್ ಪ್ಲೇಟುಗಳನ್ನು ಬಿಗಿಹಿಡಿಯುವ ಎಣ್ಣೆಯ ಒತ್ತಡವನ್ನು ಹೆಚ್ಚು ಕಡಿಮೆ ಮಾಡೋದೂ ಅದೇ ಕಂಬಿ. ಅದು ಸಡಿಲವಾದರೆ ಒತ್ತಡ ಸಾಲದೆ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ. ಮೊದಲು ಕಂಬಿ ಸರಿ ಮಾಡಿ, ಆಮೇಲೆ ತೂಕಕ್ಕೆ ಕೈ ಹಾಕಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನಮ್ಮ ವಿಜ್ಞಾನದ ಪ್ರಯೋಗಕ್ಕೂ ಇದೇ ನಿಯಮ ಅಲ್ಲವೇ?

ನಿಮಗೊಂದು ಲೆಕ್ಕ: 5000 ಸುತ್ತಿನಲ್ಲಿ ಎರಡನೇ ಗೇರಿನಿಂದ ಮೂರನೇ ಗೇರು ಬಿದ್ದರೆ ಇಂಜಿನ್ ಎಷ್ಟು ಸುತ್ತಿಗೆ ಇಳಿಯುತ್ತದೆ? ಮಾಡಿ, ಗಣಿತದ ಮೇಷ್ಟ್ರಿಗೆ ತೋರಿಸಿರಿ.