ಒಂದೇ ತಂತಿ, ನಾಲ್ಕು ಬಗೆಯ ಲಕೋಟೆ

ಒಂದು ಕೋಣೆಯಲ್ಲಿ ಎರಡು ಗಣಕಯಂತ್ರಗಳಿವೆ. ಎರಡೂ ಒಂದೇ ಈಥರ್‌ನೆಟ್ ತಂತಿಗೆ ಸೇರಿವೆ. ತಂತಿಯಲ್ಲಿ ದೋಷವಿಲ್ಲ, ದೀಪಗಳೂ ಮಿನುಗುತ್ತಿವೆ. ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಾವೆಲ್ ಸಂಸ್ಥೆಯ ನೆಟ್‌ವೇರ್ 3.11 ಬಳಸುತ್ತಿದ್ದ ಕಚೇರಿಗೆ 1993ರಲ್ಲಿ ಬಂದ 3.12ನ್ನು ತಂದು ಕೂಡಿಸಿದಾಗ ಈ ತೊಡಕು ತಲೆದೋರುತ್ತಿತ್ತು. ಇದರ ಕಾರಣವನ್ನು ನಾವೀಗ ವಿಚಾರಿಸೋಣ.

ಗಣಕಯಂತ್ರವು ಸುದ್ದಿಯನ್ನು ಹಾಗೆಯೇ ತಂತಿಗೆ ಬಿಡುವುದಿಲ್ಲ, ಲಕೋಟೆಯಲ್ಲಿಟ್ಟು ಕಳುಹಿಸುವುದು. ಲಕೋಟೆಯ ಮೇಲೆ ಮೊದಲ 6 ಬೈಟ್‌ಗಳಲ್ಲಿ ಸೇರಬೇಕಾದ ಯಂತ್ರದ ವಿಳಾಸ, ಮುಂದಿನ 6ರಲ್ಲಿ ಕಳುಹಿಸಿದ ಯಂತ್ರದ ವಿಳಾಸ. ಅನಂತರದ 2 ಬೈಟ್‌ಗಳಲ್ಲಿಯೇ ಭೇದ ಹುಟ್ಟುವುದು. ಡಿಜಿಟಲ್, ಇಂಟೆಲ್, ಜೆರಾಕ್ಸ್ ಸಂಸ್ಥೆಗಳು 1982ರಲ್ಲಿ ಹೊರತಂದ ಎರಡನೆಯ ಈಥರ್‌ನೆಟ್‌ನಲ್ಲಿ ಈ ಸ್ಥಳವು ಒಳಗಿನ ಸುದ್ದಿಯ ಬಗೆಯನ್ನು ತಿಳಿಸುವುದು. 1983ರಲ್ಲಿ ಅಂಗೀಕೃತವಾದ 802.3 ಎಂಬ ಮಾನಕದಲ್ಲಿ ಅದರ ಉದ್ದವನ್ನು. 1500ರ ವರೆಗಿನ ಸಂಖ್ಯೆಯಾದರೆ ಅದು ಉದ್ದ. 1536 ಅಥವಾ ಅದಕ್ಕೆ ಮೇಲ್ಪಟ್ಟರೆ ಬಗೆ. ಹೀಗಾಗಿ ಎರಡೂ ಒಂದೇ ತಂತಿಯಲ್ಲಿ ಇರಬಲ್ಲವು.

ನೆಟ್‌ವೇರ್ ಯಂತ್ರಗಳ ಭಾಷೆ ಐಪಿಎಕ್ಸ್. ಅದು ನಾಲ್ಕು ಬಗೆಯ ಲಕೋಟೆಗಳಲ್ಲಿ ಸಂಚರಿಸಬಲ್ಲದು. ಎರಡನೆಯ ಈಥರ್‌ನೆಟ್ ಲಕೋಟೆಯಲ್ಲಿ ಅದರ ಬಗೆಯ ಸಂಖ್ಯೆ 33,079. 802.2 ಎಂಬುದರಲ್ಲಿ ಉದ್ದದ ಮುಂದೆ 3 ಬೈಟ್‌ಗಳ ಚೀಟಿಯೊಂದು ಇರುವುದು. ಸ್ನ್ಯಾಪ್ ಎಂಬುದರಲ್ಲಿ ಆ ಚೀಟಿಗೆ ಇನ್ನೂ 5 ಬೈಟ್ ಸೇರುವುದು. ಉಳಿದುದು ಕಚ್ಚಾ ಲಕೋಟೆ: ಉದ್ದ ಬರೆದು, ಚೀಟಿಯಿಲ್ಲದೆ, ನೇರವಾಗಿ ಐಪಿಎಕ್ಸ್. ಹಾಗಾದರೆ ಒಳಗಿರುವುದು ಐಪಿಎಕ್ಸ್ ಎಂದು ಅರಿಯುವ ಬಗೆ ಹೇಗೆ? ಐಪಿಎಕ್ಸ್ ಸುದ್ದಿಯ ಮೊದಲ ಎರಡು ಬೈಟ್‌ಗಳು ತಪ್ಪೊಪ್ಪು ತಾಳೆ ನೋಡುವ ಮೊತ್ತಕ್ಕೆ ಮೀಸಲು. ನಾವೆಲ್ ಅದನ್ನು ಬಳಸದೆ, ಹದಿನಾರು ಬಿಟ್‌ಗಳಲ್ಲಿಯೂ 1ನ್ನೇ ತುಂಬಿತು. ಬಳಸದೆ ಬಿಟ್ಟ ಸ್ಥಳವೇ ಗುರುತಾಯಿತು! ಆದರೆ ಈ ಲಕೋಟೆಯಲ್ಲಿ ಆ ಮೊತ್ತವನ್ನು ಮುಂದೆಂದೂ ಬಳಸುವಂತಿಲ್ಲ. 3.11 ತಾನಾಗಿ ಆರಿಸುತ್ತಿದ್ದುದು ಈ ಕಚ್ಚಾ ಲಕೋಟೆಯನ್ನು, 3.12 ಆರಿಸಿದ್ದು 802.2ನ್ನು.

ಈಗ ಜಾಲಗಳ ನಡುವೆ ನಿಂತು ಸುದ್ದಿ ಸಾಗಿಸುವ ರೌಟರಿಗೆ ಬರೋಣ. ತಂತಿಯು ಬಂದು ಸೇರುವ ಅದರ ಬಾಗಿಲಿಗೆ ಇಂಟರ್‌ಫೇಸ್ ಎಂದು ಹೆಸರು. ಪ್ರತಿ ಬಾಗಿಲಿಗೂ ಎರಡು ಸಂಗತಿಗಳನ್ನು ತಿಳಿಸಬೇಕು: ಜಾಲದ ಸಂಖ್ಯೆ, ಲಕೋಟೆಯ ಬಗೆ. ಐಪಿಎಕ್ಸ್ ಬಲ್ಲ ಸಿಸ್ಕೊ ರೌಟರಿನಲ್ಲಿ ಮೊದಲು 'ಐಪಿಎಕ್ಸ್ ರೌಟಿಂಗ್' ಎಂಬ ಆಜ್ಞೆ. ಅನಂತರ ಬಾಗಿಲಿನಲ್ಲಿ ಸಂಖ್ಯೆ ಮತ್ತು 'ಎನ್‌ಕ್ಯಾಪ್ಸುಲೇಷನ್'. ಕಚ್ಚಾ ಲಕೋಟೆಗೆ ಅಲ್ಲಿ 'ನಾವೆಲ್-ಈಥರ್' ಎಂದೂ 802.2ಕ್ಕೆ 'ಸ್ಯಾಪ್' ಎಂದೂ ಎರಡನೆಯ ಈಥರ್‌ನೆಟ್‌ಗೆ 'ಆರ್ಪಾ' ಎಂದೂ ಹೆಸರು. ಏನನ್ನೂ ಹೇಳದಿದ್ದರೆ ಕಚ್ಚಾ ಎಂದೇ ಭಾವಿಸುವುದು. ಇದೇ ಕಚ್ಚಾ ಲಕೋಟೆಯನ್ನು ನಾವೆಲ್ '802.3' ಎಂದು ಕರೆಯಿತು; ಹೆಸರುಗಳ ಈ ಗೊಂದಲ ಕಲಿಯುವವರನ್ನು ದಾರಿ ತಪ್ಪಿಸಲು ಸಾಕು.

ಎರಡು ಬಗೆಯ ಯಂತ್ರಗಳೂ ಒಂದೇ ತಂತಿಯಲ್ಲಿದ್ದರೆ? ಒಂದೇ ಬಾಗಿಲಿಗೆ ಎರಡು ಸಂಖ್ಯೆ ಕೊಡಬೇಕು: 10 ಕಚ್ಚಾ, 20 ಸ್ಯಾಪ್ ಎಂದಿಟ್ಟುಕೊಳ್ಳೋಣ, ಎರಡನೆಯದಕ್ಕೆ 'ಸೆಕೆಂಡರಿ' ಎಂದು ಸೇರಿಸಬೇಕು. ಸರ್ವರುಗಳಲ್ಲಿ ಆಯಾ ಲಕೋಟೆಗೆ ಕೊಟ್ಟ ಸಂಖ್ಯೆಯೂ ಅದೇ ಆಗಿರಬೇಕು. ಆಗ ಪಕ್ಕದ ಮೇಜಿನ ಯಂತ್ರಕ್ಕೆ ಹೊರಟ ಸುದ್ದಿ ರೌಟರಿಗೆ ಹೋಗಿ, ಲಕೋಟೆ ಬದಲಿಸಿಕೊಂಡು, ಅದೇ ತಂತಿಗೆ ಮರಳುವುದು. ಒಂದು ಸುದ್ದಿಗೆ ತಂತಿಯ ಮೇಲೆ ಎರಡು ಪಯಣ! ಯಂತ್ರಗಳು ಕೆಲವೇ ಆಗಿದ್ದರೆ ಅವುಗಳಲ್ಲಿಯೇ ಲಕೋಟೆ ಬದಲಿಸುವುದು ಮೇಲೆಂದು ನಮ್ಮ ಅಭಿಪ್ರಾಯ.

2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ತಾ ಐಪಿಎಕ್ಸನ್ನು ಕೈಬಿಟ್ಟಿತು. 2018ರಲ್ಲಿ ಲಿನಕ್ಸ್ ಕರ್ನಲ್ಲಿನಿಂದಲೂ ಅದು ಹೊರಬಿತ್ತು. ಆದರೂ ಹಳೆಯ ಯಂತ್ರವೊಂದನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸಬೇಕಾದವರು ಅದು ಕಳುಹಿಸಿದ ಸುದ್ದಿಯನ್ನು ಹಿಡಿದು 13, 14ನೆಯ ಬೈಟ್‌ಗಳನ್ನು ನೋಡಲಿ. ಅಲ್ಲಿ 1500ನ್ನು ಮೀರದ ಸಂಖ್ಯೆಯಿದ್ದು, 15, 16ರಲ್ಲಿ ಎಲ್ಲವೂ 1 ಆಗಿದ್ದರೆ ಬಾಗಿಲಿಗೆ 'ನಾವೆಲ್-ಈಥರ್' ಎಂದೇ ಬರೆಯಬೇಕು.