ಮೆಲನೋಮ ಹರಡುವಿಕೆ: ಗ್ರಾಹಕ ಸಂಕೇತಗಳ ಪಾತ್ರ

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೆಲನೋಮ. ಚರ್ಮದ ಕ್ಯಾನ್ಸರ್‌ಗಳಲ್ಲಿ ತಳಕೋಶ ಕಾರ್ಸಿನೋಮವೇ ಹೆಚ್ಚು ಸಾಮಾನ್ಯ. ದೂರದ ಅಂಗಗಳಿಗೆ ಹರಡಿ ಹೆಚ್ಚು ಜೀವ ತೆಗೆಯುವುದು ಮಾತ್ರ ಮೆಲನೋಮ. ಸಹಜ ಸ್ಥಿತಿಯಲ್ಲಿ ಬೆಳವಣಿಗೆ ಅಂಶವೊಂದು ಕೋಶಪೊರೆಯ ಗ್ರಾಹಕಕ್ಕೆ ಅಂಟಿದ ಮೇಲೆಯೇ ರಾಸ್, ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನ್‌ಗಳ ಕ್ರಮದಲ್ಲಿ ಸಂಕೇತ ಕೋಶಕೇಂದ್ರ ತಲುಪುತ್ತದೆ. ರಾಫ್‌ನ ಒಂದು ಬಗೆಯಾದ ಬಿ-ರಾಫ್‌ನಲ್ಲಿ 2002ರಲ್ಲಿ ವರದಿಯಾದ ರೂಪಾಂತರ ಸುಮಾರು ಅರ್ಧದಷ್ಟು ಮೆಲನೋಮಗಳಲ್ಲಿದೆ. ಅದರ ಮುಖ್ಯ ರೂಪ ವಿ600ಇ: 600ನೇ ಸ್ಥಾನದ ವ್ಯಾಲೀನ್ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ. ಆಗ ಗ್ರಾಹಕದ ಅಪ್ಪಣೆಯಿಲ್ಲದೆಯೇ ಸಂಕೇತ ಹರಿಯುತ್ತದೆ. ಗಮನಿಸಿ, ಬಿ-ರಾಫ್ ಗ್ರಾಹಕವಲ್ಲ; ಕೋಶದೊಳಗಿನ ಕೈನೇಸ್ ಕಿಣ್ವ.

ಹಾಗಾದರೆ ಗ್ರಾಹಕಕ್ಕೆ ಇಲ್ಲೇನು ಕೆಲಸ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಿರುಪದ್ರವಿ ಮಚ್ಚೆಗಳಲ್ಲೂ ಇದೇ ರೂಪಾಂತರ ಸಾಮಾನ್ಯ, ಆದರೂ ಅವು ಬೆಳವಣಿಗೆ ನಿಲ್ಲಿಸಿ ಇದ್ದಲ್ಲೇ ಉಳಿಯುತ್ತವೆ. ಅಂದರೆ ಹರಡಲು ರೂಪಾಂತರವೊಂದೇ ಸಾಲದು. ಗೆಡ್ಡೆ ತಡೆಯುವ ಜೀನ್‌ಗಳ ನಷ್ಟದ ಜೊತೆಗೆ ಹೊರಗಿನ ಪ್ರಚೋದನೆಯೂ ನೆರವಾಗುತ್ತದೆ. ಸುತ್ತಲಿನ ಅಂಗಾಂಶದ ಕೋಶಗಳು ಸ್ರವಿಸುವ ಎಚ್‌ಜಿಎಫ್ ಎಂಬ ಬೆಳವಣಿಗೆ ಅಂಶ, ಮೆಟ್ ಎಂಬ ಗ್ರಾಹಕಕ್ಕೆ ಅಂಟಿದಾಗ ಕ್ಯಾನ್ಸರ್ ಕೋಶ ನೆರೆಕೋಶಗಳ ಹಿಡಿತ ಬಿಟ್ಟು ಚಲಿಸತೊಡಗುತ್ತದೆ. ಚಿಕಿತ್ಸೆಯ ಅನುಭವವೂ ಗ್ರಾಹಕಗಳತ್ತಲೇ ಬೊಟ್ಟು ಮಾಡುತ್ತದೆ. ಬಿ-ರಾಫ್ ತಡೆಯುವ ವೆಮುರಾಫೆನಿಬ್‌ಗೆ ಅಮೆರಿಕದಲ್ಲಿ 2011ರಲ್ಲಿ ಅನುಮೋದನೆ ಸಿಕ್ಕಿತು. ಗೆಡ್ಡೆಗಳು ಬೇಗ ಕುಗ್ಗಿದವು, ಹಲವರಲ್ಲಿ ತಿಂಗಳುಗಳೊಳಗೆ ಮರಳಿದವು. ಮೆಟ್, ಪಿಡಿಜಿಎಫ್‌ಆರ್-ಬೀಟಾದಂಥ ಗ್ರಾಹಕಗಳು ಸಂಕೇತಕ್ಕೆ ಬೇರೆ ದಾರಿ ತೆರೆಯುವುದು ಇದಕ್ಕೊಂದು ಕಾರಣ. ಪ್ರತಿರೋಧ ತಡವಾಗಲೆಂದೇ ಈಗ ಬಿ-ರಾಫ್ ತಡೆಯುವ ಡಾಬ್ರಾಫೆನಿಬ್, ಮೆಕ್ ತಡೆಯುವ ಟ್ರಾಮೆಟಿನಿಬ್ ಎರಡನ್ನೂ ಜೊತೆಯಾಗಿ ಕೊಡುತ್ತಾರೆ.